ಪುಟ್ಟಲಿಂಗಮ್ಮನ ಬಾವಿಗೆ ಇಳಿದ ಕ್ಯಾಮೆರಾ

ನಮ್ಮ ಪದ್ಮಾವತಿ ಮೀನಿಗೂ ಬಹುವಚನ ಕೊಡುವವಳು. "ಅಲ್ಲಾಡಬೇಡಿ, ಹಾಗೇ ಇರಿ, ಆಯ್ತು ಆಯ್ತು" ಎಂದು ಬಕೆಟ್ಟಿನೊಳಗಿನ ಮೀನಿಗೆ ಅವಳು ಹೇಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅದು ಕಸುಬಿನಿಂದ ಅಂಟಿದ ಚಾಳಿ. ಜಯಲಕ್ಷ್ಮಿಪುರಂನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಮುಂದಿನ ಮೇಜಿನಲ್ಲಿ ಕೂತು ಯಾರು ಮೊದಲು ಬಂದರು, ಯಾರು ನಡುವೆ ನುಗ್ಗಿದರು ಎಂದು ಪಂಚಾಯ್ತಿ ಮಾಡುವುದು ನನ್ನ ಕೆಲಸ. ನನ್ನ ಹೆಸರು ಮಧುಶ್ರೀ. ನನ್ನ ಬಾಯಿ ಜೋರು ಅಂತ ಕ್ಲಿನಿಕ್ಕಿನಲ್ಲಿ ಎಲ್ಲರೂ ಹೇಳುತ್ತಾರೆ. ಹಲ್ಲುನೋವಿನವರ ನಡುವೆ ದಿನವಿಡೀ ಕೂತರೆ ಯಾರ ಬಾಯಿಯಾದರೂ ಜೋರಾಗುತ್ತದೆ.

ಪದ್ಮಾವತಿಯ ಮನೆಯವರು ಚಾಮರಾಜನಗರದ ಕಡೆಯವರು. ಅಪ್ಪನ ಕಾಲಕ್ಕೆ ಮೈಸೂರಿಗೆ ಬಂದರು, ಬಂದ ಮೇಲೆ ಬೌದ್ಧರಾದರು. ಗಂಡ ಅಮರ್ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಾನೆ. ಹೂಟಗಳ್ಳಿಯ ಹೊಸ ಬಡಾವಣೆಯಲ್ಲಿ ಮನೆ. ಅವಳನ್ನು ನೋಡಿದರೆ ವಿಶೇಷವೇನೂ ಕಾಣುವುದಿಲ್ಲ. ಸಣ್ಣ ಆಳು, ಬಿಗಿಯಾಗಿ ಕಟ್ಟಿದ ಜಡೆ, ಮಾತು ಕಮ್ಮಿ. ಆದರೆ ಯಾವುದನ್ನೂ ಇದ್ದ ಹಾಗೇ ಬಿಟ್ಟು ಹೋಗುವ ಜಾಯಮಾನ ಅವಳದಲ್ಲ. ಟೀ ಲೋಟದ ತಳದಲ್ಲಿ ಪುಡಿ ಯಾಕೆ ನಡುವೆಯೇ ಗುಡ್ಡೆಯಾಗುತ್ತದೆ ಎಂದು ಕೇಳುತ್ತಾಳೆ. ನನಗೆ ಗೊತ್ತಿಲ್ಲ ಎಂದರೆ ಇನ್ನೊಂದು ಲೋಟ ತರಿಸಿ ಕಲಕುತ್ತಾಳೆ.

ನೀರಿನ ಹುಚ್ಚು ಹಿಡಿದದ್ದು ಒಂದು ಹಲ್ಲಿನ ಸೆಟ್ಟಿನಿಂದ. ಹಿಂದೆ ನಮ್ಮಲ್ಲಿ ರೋಗಿಗಳ ಹಲ್ಲಿನ ಫೋಟೋ ತೆಗೆಯಲು ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ ಇತ್ತು. ಡಾಕ್ಟರು ಮೊಬೈಲಿನಲ್ಲೇ ತೆಗೆಯಲು ಶುರು ಮಾಡಿದ ಮೇಲೆ ಅದು ಡ್ರಾಯರಿನಲ್ಲಿ ಬಿದ್ದಿತ್ತು. "ನೀವೇ ಇಟ್ಟುಕೊಳ್ಳಿ ಪದ್ಮಾ, ಸುಮ್ಮನೆ ಹಾಳಾಗುತ್ತೆ" ಎಂದು ಅವಳ ಕೈಗೆ ಕೊಟ್ಟರು. ಅದೇ ಹೊತ್ತಿಗೆ ಯಾರೋ ಅಜ್ಜ ತಮ್ಮ ಹಲ್ಲಿನ ಸೆಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ಮನೆಗೆ ಹೋಗಿಬಿಟ್ಟಿದ್ದರು. ಪದ್ಮಾವತಿ ಹೊರಗಿನಿಂದ ಅದರ ಫೋಟೋ ತೆಗೆದಳು. ಗಾಜು ಹೊಳೆಯಿತು, ಹಲ್ಲು ವಕ್ರವಾಯಿತು, ಒಂದೂ ಸ್ಪಷ್ಟ ಬರಲಿಲ್ಲ. ಊಟದ ಹೊತ್ತಿಗೆ ಬಂದು ನನ್ನ ಎದುರು ಕೂತಳು.

"ಕ್ಯಾಮೆರಾನೇ ನೀರೊಳಗೆ ಇದ್ದಿದ್ರೆ ಎಂಗೆ ಬರ್ತಿತ್ತು ಮಧು?"

"ಮೊದಲು ಚಿತ್ರಾನ್ನ ತಿನ್ನು" ಎಂದೆ ನಾನು.

ಅವಳು ತಿಂದಳು, ಬಿಡಲಿಲ್ಲ. ಆ ಕ್ಯಾಮೆರಾ ಮಾಡೆಲ್ಲಿಗೇ ಮಾಡಿದ ಪಾರದರ್ಶಕ ಪೆಟ್ಟಿಗೆಯೊಂದು, ಹಳೇ ಸರಕು ಮಾರುವ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದುದನ್ನು ಹುಡುಕಿ ತಂದಳು. ಅದರ ಮುಚ್ಚಳಕ್ಕೆ ರಬ್ಬರಿನ ಬಳೆ. ಆ ಬಳೆಗೆ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ನುಗ್ಗುತ್ತದೆ. ಆದ್ದರಿಂದ ಮೊದಲ ಸಲ ಕ್ಯಾಮೆರಾ ಇಡದೆ, ಬರೀ ಟಿಶ್ಯೂ ಕಾಗದ ತುಂಬಿ, ಮೇಲೆ ಗುಂಡುಕಲ್ಲು ಹೇರಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದಳು. ಮಾರನೇ ದಿನ ಕಾಗದ ಒಣಗಿದ್ದದ್ದು ನೋಡಿ ಕ್ಲಿನಿಕ್ಕಿಗೆ ಮೈಸೂರು ಪಾಕ್ ತಂದಿದ್ದಳು. ಒಣ ಕಾಗದಕ್ಕೆ ಸಿಹಿ ಹಂಚಿದವಳು ಈ ಊರಿನಲ್ಲಿ ಅವಳೊಬ್ಬಳೇ ಇರಬೇಕು.

ಆಮೇಲೆ ಬಕೆಟ್ಟು, ಸಂಪು, ಕ್ಲಿನಿಕ್ಕಿನ ಹಿಂದೆ ತಾವರೆ ಬೆಳೆಸಿದ ಸಿಮೆಂಟ್ ತೊಟ್ಟಿ, ಯಾವುದನ್ನೂ ಬಿಡಲಿಲ್ಲ. ಮೊದಮೊದಲು ಬಂದ ಫೋಟೋಗಳೆಲ್ಲ ಗಂಜಿಯಂತಿದ್ದವು. ಫ್ಲ್ಯಾಷ್ ಹಾಕಿದರೆ ನೀರಿನ ಕಸವೆಲ್ಲ ಬೆಳಗಿ ಮೈದಾಹಿಟ್ಟು ಚೆಲ್ಲಿದ ಹಾಗೆ ಬಿಳಿಚುಕ್ಕೆ. ಜೂಮ್ ಮಾಡಿದರೆ ಇನ್ನೂ ಮಸುಕು. ಬೇಸರಪಡುವುದು ಬಿಟ್ಟು ಅವಳು ಯಾಕೆ ಯಾಕೆ ಎಂದು ಬೆನ್ನು ಹತ್ತಿದಳು. ಕೊನೆಗೆ ಉತ್ತರ ಸಿಕ್ಕಿದ್ದು ಅವಳ ಕಸುಬಿನಲ್ಲೇ. ಹಲ್ಲಿನ ಎಕ್ಸ್‌ರೇ ತೆಗೆಯುವಾಗ ಬಾಯೊಳಗಿಡುವ ಚಿಕ್ಕ ಬಿಲ್ಲೆ ಹಲ್ಲಿಗೆ ಎಷ್ಟು ಒತ್ತಿಕೊಂಡಿರುತ್ತದೋ ಚಿತ್ರ ಅಷ್ಟು ಚೊಕ್ಕ. ನೀರಿನಲ್ಲೂ ಅದೇ ಲೆಕ್ಕ. ಜೂಮ್ ಮುಟ್ಟಬಾರದು, ಕ್ಯಾಮೆರಾದಲ್ಲಿ ಹತ್ತಿರದ ಚಿತ್ರಕ್ಕೆಂದೇ ಇರುವ ಹೂವಿನ ಗುರುತಿನ ಗುಂಡಿ ಒತ್ತಬೇಕು, ಕೈಯನ್ನೇ ಹತ್ತಿರ ಒಯ್ಯಬೇಕು. ಬೆಳಕು ಎದುರಿನಿಂದ ಬರದೆ ಪಕ್ಕದಿಂದ ಬೀಳಬೇಕು. "ಮಧ್ಯೆ ನೀರು ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು" ಎನ್ನುವುದು ಅವಳ ಮಂತ್ರವಾಯಿತು. ಆ ಮಂತ್ರದ ಬಲದಿಂದ ಸೊಳ್ಳೆಮರಿ ಬಾಲದಲ್ಲಿ ಉಸಿರಾಡುವುದು, ತೊಟ್ಟಿಯ ಬಸವನಹುಳು ನಾಲಿಗೆ ಚಾಚಿ ಪಾಚಿ ಕೆರೆಯುವುದು ಎಲ್ಲ ಅವಳ ಕ್ಯಾಮೆರಾದೊಳಗೆ ಬಂದವು. ಬಸವನಹುಳುವಿಗೆ ನಾಲಿಗೆಯಿದೆ ಎಂದು ನನಗೆ ಗೊತ್ತಾಗಿದ್ದೇ ಆಗ. ನಾನು ಅಂದು ಸಂಜೆ ಮನೆಗೆ ಹೋಗಿ ಎಲ್ಲರಿಗೂ ಹೇಳಿದೆ, ಯಾರೂ ನಂಬಲಿಲ್ಲ.

ಎಕ್ಸ್‌ರೇ ಕೋಣೆಯ ಕಂಪ್ಯೂಟರ್ ಪರದೆಯ ಮೇಲೆ ಅವಳು ಇಟ್ಟಿದ್ದು ಆ ಬಸವನಹುಳುವಿನ ಚಿತ್ರವನ್ನೇ. ಪುಟ್ಟಲಿಂಗಮ್ಮ ಅದನ್ನು ನೋಡಿದ್ದರಿಂದಲೇ ಈ ಕಥೆ.

ಪುಟ್ಟಲಿಂಗಮ್ಮ ಹಳೇ ಹೂಟಗಳ್ಳಿಯವರು. ಅಂದರೆ ಕಾರ್ಖಾನೆಗಳು ಬರುವ ಮೊದಲೇ ಅಲ್ಲಿದ್ದವರು. ದವಡೆ ಹಲ್ಲು ತೆಗೆಸಲು ಮಗ ಮಹದೇವಸ್ವಾಮಿ ಕರೆದುಕೊಂಡು ಬಂದಿದ್ದ. ಎಕ್ಸ್‌ರೇಗೆ ಕೂರಿಸಿದರೆ ಅಮ್ಮ ಬಾಯಿ ತೆರೆಯುವುದನ್ನು ಬಿಟ್ಟು ಪರದೆಯನ್ನೇ ನೋಡುತ್ತಾ ಕೂತರು.

"ಇದು ನೀರೊಳಗೆ ತೆಗ್ದಿದ್ದೇನವ್ವ?"

"ಹೌದಮ್ಮ. ಬಾಯಿ ತೆಗೀರಿ."

"ಬಾವಿ ಒಳ್ಗೂ ತೆಗೀಬೋದಾ?"

"ಅಮ್ಮ, ಸುಮ್ನೆ ಇರವ್ವ" ಎಂದ ಮಗ ಬಾಗಿಲಲ್ಲಿ ನಿಂತು.

ಅಷ್ಟರಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ನಾನು ಎದ್ದು ಹೋಗಬೇಕಾಯಿತು. ವಿಷಯ ಇಷ್ಟು. ಅವರ ಹಿತ್ತಿಲಲ್ಲಿ ಒಂದು ಬಾವಿ. ಬಾವಿಯಲ್ಲಿ ಒಂದು ಆಮೆ. ಬಾವಿಯ ಕಸ, ಹುಳ ತಿಂದು ನೀರು ಚೊಕ್ಕಟವಾಗಿಡುತ್ತದೆ ಎಂದು ಹಿಂದೆ ಮನೆಮನೆಯ ಬಾವಿಗೂ ಒಂದು ಆಮೆ ಬಿಡುತ್ತಿದ್ದರು. ಪುಟ್ಟಲಿಂಗಮ್ಮ ಮದುವೆಯಾಗಿ ಬಂದಾಗ ತವರಿನಿಂದ ತಂದು ಬಿಟ್ಟದ್ದು ಅದು. ಈಗ ಮನೆಗೆ ನಲ್ಲಿ ನೀರು ಬಂದಿದೆ, ಬಾವಿ ಯಾರಿಗೂ ಬೇಡ. ಕಟ್ಟೆ ಕುಸಿದು ಮೊಳಕಾಲೆತ್ತರಕ್ಕೆ ಇಳಿದಿದೆ. ಬಾಡಿಗೆ ಮನೆಯ ಮಕ್ಕಳು ಅಲ್ಲೇ ಚೆಂಡಾಡುತ್ತವೆ, ಒಮ್ಮೆ ಒಂದು ಮಗು ಬೀಳುವುದರಲ್ಲಿತ್ತು. ಬಾವಿಗೆ ಮಣ್ಣು ಹಾಕಿಸುತ್ತೇನೆ ಅಂತ ಮಗ. ಒಳಗೆ ಜೀವ ಇದೆ, ಹೂಳಬೇಡ ಅಂತ ತಾಯಿ. ಆಮೆಯನ್ನು ನೋಡಿದವರು ಮಾತ್ರ ಯಾರೂ ಇಲ್ಲ. ಪುಟ್ಟಲಿಂಗಮ್ಮನ ಗಂಡ ಜವರಪ್ಪ ತೀರಿಕೊಂಡ ಮೇಲೆ ಬಾವಿಗೆ ಯಾರೂ ಇಳಿದಿರಲಿಲ್ಲ.

"ಅದು ಸತ್ತು ಯಾವ ಕಾಲ ಆಯ್ತೋ. ಸೋಮವಾರಕ್ಕೆ ಮಣ್ಣಿನ ಟ್ರ್ಯಾಕ್ಟರ್ ಹೇಳ್ಬುಟ್ಟಿದೀನಿ ಮೇಡಂ" ಎಂದ ಮಹದೇವಸ್ವಾಮಿ.

"ಸತ್ತಿದ್ರೆ ನಾತ ಹೊಡೀತಿರ್ಲಿಲ್ವಾ? ನೀರು ಎಷ್ಟು ಚೆಂದಾಗದೆ ನೋಡು" ಎಂದರು ಅಮ್ಮ, ದವಡೆ ಹಿಡಿದುಕೊಂಡು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿತ್ತು. ಪದ್ಮಾವತಿ ಮಾತ್ರ ಎಕ್ಸ್‌ರೇ ಬಿಲ್ಲೆ ಹಿಡಿದು ನಿಂತಲ್ಲೇ ಯೋಚಿಸುತ್ತಿದ್ದಳು. ನಂತರ ಮಹದೇವಸ್ವಾಮಿಯನ್ನು ನೇರವಾಗಿ ಕೇಳಿದಳು. ಆಮೆ ಬದುಕಿರುವುದು ಫೋಟೋದಲ್ಲಿ ಸ್ಪಷ್ಟವಾಗಿ ಕಂಡರೆ ಏನು ಮಾಡುತ್ತೀರಿ?

ಅವನು, "ಜೀವ ಇರೋದರ ಮೇಲೆ ಮಣ್ಣು ಹಾಕೋ ಅಂಥ ಪಾಪಿ ನಾನಲ್ಲ. ಅದರ ಮನೆಯಿಂದ ಅದನ್ನ ಎಳೆದು ಹಾಕೋದೂ ಬ್ಯಾಡ. ಬಾವಿ ಮೇಲೆ ಕಬ್ಬಿಣದ ಜಾಲರಿ ಹಾಕಿಸ್ತೀನಿ. ಆದ್ರೆ ನನ್ಗೆ ಕಾಣ್ಬೇಕು. ಕಪ್ಪುಕಪ್ಪಾಗಿ ಏನೋ ತೋರ್ಸಿ ಇದೇ ಆಮೆ ಅಂದ್ರೆ ಒಪ್ಪಲ್ಲ" ಎಂದ. ಒಳ್ಳೆಯ ಮನುಷ್ಯನೇ. ಮಗು ಬಿದ್ದೀತೆಂಬ ಹೆದರಿಕೆ ಅವನನ್ನು ಹಟಕ್ಕೆ ಬೀಳಿಸಿತ್ತು.

ಅವರು ಹೋದ ಮೇಲೆ ನಾನು ಅವಳಿಗೆ ಚೆನ್ನಾಗಿ ಬೈದೆ. ಮನೆಮಂದಿಯ ಜಗಳದಲ್ಲಿ ತಲೆ ಹಾಕುವುದು ಯಾಕೆ, ಆಮೆ ಸತ್ತಿದ್ದರೆ ಆ ಮುದುಕಿಗೆ ಅದನ್ನು ತೋರಿಸುವವಳು ನೀನಾಗುತ್ತೀಯಲ್ಲ ಎಂದೆ. "ಇರಬಹುದು. ಆದರೂ ಕತ್ತಲೆಯಲ್ಲಿ ಅಷ್ಟು ವರ್ಷ ಅದು ಏನು ತಿಂದು ಬದುಕಿರುತ್ತೆ, ನಿನಗೆ ನೋಡಬೇಕು ಅನ್ಸಲ್ವಾ?" ಎಂದಳು. ಅನ್ನಿಸಿತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿದ ಮೇಲೆ ಇಬ್ಬರೂ ಹೋದೆವು. ಕಲ್ಲು ಕಟ್ಟಡದ ಬಾವಿ. ಆ ವರ್ಷ ಮಳೆ ಚೆನ್ನಾಗಿದ್ದರಿಂದ ನೀರು ಮೇಲೆಯೇ ಇತ್ತು, ಒಂದು ಏಣಿಯ ಆಳಕ್ಕೆ. ಪದ್ಮಾವತಿ ಕ್ಯಾಮೆರಾ ಪೆಟ್ಟಿಗೆಯನ್ನು ಉದ್ದನೆ ಬಿದಿರಿಗೆ ಕಟ್ಟಿ, ತಾನಾಗಿಯೇ ಬಿಟ್ಟುಬಿಟ್ಟು ಕ್ಲಿಕ್ಕಾಗುವ ಹಾಗೆ ಹೊಂದಿಸಿ ಇಳಿಬಿಟ್ಟಳು. ನಾನು ಬಿದಿರಿನ ತುದಿ ಹಿಡಿದೆ. ಬಿದಿರು ತೂಗಿತು, ಬಾವಿಯ ಗೋಡೆಗೆ ಬಡಿಯಿತು. ಹೊರಗೆ ತೆಗೆದು ನೋಡಿದರೆ ಎಲ್ಲ ಅಲುಗಿದ ಚಿತ್ರಗಳು. ಒಂದರಲ್ಲಿ ಮಾತ್ರ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಎರಡು ಕಲ್ಲುಗಳ ಸಂದಿಯಲ್ಲಿ ಗುಂಡಗೆ ಕಪ್ಪಗೆ ಏನೋ ಇತ್ತು.

"ಅದೇ ಕಣವ್ವ" ಎಂದರು ಪುಟ್ಟಲಿಂಗಮ್ಮ, ಪರದೆಗೆ ಮೂಗು ತಾಗಿಸಿ.

"ಅದು ಮಗುಚಿ ಬಿದ್ದಿರೋ ಬಿಂದಿಗೆ. ಆ ಬಾವೀಲಿ ನೀನು ಬೀಳಿಸಿರೋ ಬಿಂದಿಗೆಗಳಿಗೆ ಲೆಕ್ಕ ಇಟ್ಟೋರ್ಯಾರು?" ಎಂದ ಮಗ.

ನನ್ನ ಕಣ್ಣಿಗೂ ಬಿಂದಿಗೆಯೇ. ಪದ್ಮಾವತಿ ಎರಡೂ ಅನ್ನಲಿಲ್ಲ. ನಾಳೆ ಬೆಳಿಗ್ಗೆ ಕಬ್ಬಿಣದ ಏಣಿ ಇಳಿಸಿ, ನಾನೇ ಇಳಿದು ಹತ್ತಿರದಿಂದ ತೆಗೆಯುತ್ತೇನೆ ಎಂದಳು. ಸಂದಿ ನೀರಿನ ಮಟ್ಟಕ್ಕೆ ಹತ್ತಿರವಿದ್ದುದರಿಂದ ಏಣಿಯ ಮೇಲೆ ನಿಂತು ತೋಳು ಮುಳುಗಿಸಿದರೆ ಕೈ ಎಟಕುತ್ತಿತ್ತು.

ಭಾನುವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಬಾವಿಕಟ್ಟೆಗೆ ರಂಗೋಲಿ ಬಿದ್ದಿತ್ತು. ಕಟ್ಟೆಯ ಮೇಲೆ ವೀಳ್ಯದೆಲೆ, ಬಾಳೆಹಣ್ಣು, ಊದುಕಡ್ಡಿ. ಪುಟ್ಟಲಿಂಗಮ್ಮ ಮಡಿಯುಟ್ಟು ನಿಂತಿದ್ದರು. ಅವರ ಕೈಯಲ್ಲಿದ್ದ ಖಾಲಿ ಚೊಂಬು ನೋಡಿ ಬಾವಿಕಟ್ಟೆಗೆ ಓಡಿದೆ. ಬಗ್ಗಿ ನೋಡಿದೆ. ಗಂಗಮ್ಮನಿಗೆ ಅರಿಸಿನ, ಕುಂಕುಮ, ಹಾಲು ಎಲ್ಲ ಸಂದಾಯವಾಗಿತ್ತು. ನಿನ್ನೆ ಕನ್ನಡಿಯಂತಿದ್ದ ನೀರು ಇವತ್ತು ಮಜ್ಜಿಗೆಹುಳಿಯ ಬಣ್ಣ. ಮೇಲೆ ಚೆಂಡುಹೂವಿನ ಎಸಳು ತೇಲುತ್ತಿದ್ದವು.

"ಏನಮ್ಮಾ ಇದು" ಎಂದೆ.

"ಗಂಗೆಪೂಜೆ ಕಣವ್ವ. ಹೆಣ್ಮಗಳು ಬಾವಿಗಿಳೀತಾಳೆ, ಅಂಗೇ ಇಳ್ಸಕ್ಕಾದದಾ? ಗಂಗಮ್ಮ ತಣ್ಣಗಿದ್ರೆ ಅವ್ಳ ಕಾಲು ಜಾರಲ್ಲ. ಒಂದು ಚೊಂಬಲ್ಲ, ಎರಡು ಚೊಂಬು ಹಾಲು ಬುಟ್ಟಿದೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಟ್ರ್ಯಾಕ್ಟರು. ಆಮೆಯನ್ನು ಉಳಿಸಬೇಕಾದವರೇ ಆಮೆಯನ್ನು ಹಾಲಿನಲ್ಲಿ ಮುಚ್ಚಿಟ್ಟಿದ್ದರು. ನನಗೆ ಬಂದ ಸಿಟ್ಟಿಗೆ ಅಲ್ಲೇ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಆದರೆ ಹಾಲು ಸುರಿದದ್ದು ನಮ್ಮ ಪದ್ಮಾವತಿಯ ಕಾಲು ಜಾರದಿರಲಿ ಎಂದು. ಬೈಯುವುದು ಹೇಗೆ? ಮಹದೇವಸ್ವಾಮಿ ಹಣೆ ಚಚ್ಚಿಕೊಂಡು ಏಣಿ ಇಳಿಸಲೋ ಬೇಡವೋ ಎಂದು ನಿಂತಿದ್ದ.

ಪದ್ಮಾವತಿಯ ಮನೆಯಲ್ಲಿ ಗಂಗೆಪೂಜೆಯ ಪದ್ಧತಿಯಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಹಾಲು ಯಾಕೆ, ಅರಿಸಿನ ಯಾಕೆ, ಯಾವುದು ಮೊದಲು ಎಂದು ಎಲ್ಲ ವಿಚಾರಿಸಿಕೊಂಡಳು. ಆಮೇಲೆ ತಾನೂ ಒಂದು ಎಸಳು ಹೂವು ನೀರಿಗೆ ಹಾಕಿ, ಅದು ತೇಲುತ್ತಾ ಎತ್ತ ಹೋಗುತ್ತದೆ ಎಂದು ನೋಡಿದಳು. "ಏಣಿ ಇಳಿಸಿ" ಎಂದಳು.

"ಈ ನೀರಲ್ಲಿ ಏನು ಕಾಣುತ್ತೆ ನಿನ್ನ ತಲೆ?" ಎಂದೆ.

"ದೂರದಿಂದ ಕಾಣಲ್ಲ. ಮಧ್ಯೆ ನೀರೇ ಇಲ್ಲದ ಹಾಗೆ ಹೋದರೆ ಹಾಲು ಇದ್ರೇನು, ಬಿಟ್ರೇನು?"

ಅವಳ ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಮಹದೇವಸ್ವಾಮಿ ತೆಂಗಿನ ಮರಕ್ಕೆ ಸುತ್ತಿ ಹಿಡಿದ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುವಂತೆ ಅವಳು ಒಂದೊಂದೇ ಮೆಟ್ಟಿಲು ಇಳಿದು, ನೀರು ಸೊಂಟಕ್ಕೆ ಬಂದಾಗ ನಿಂತಳು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕ್ಯಾಮೆರಾ. ಪೆಟ್ಟಿಗೆಯ ಪಕ್ಕಕ್ಕೆ ಒಂದು ಸಣ್ಣ ಟಾರ್ಚನ್ನು ಓರೆಯಾಗಿ ಕಟ್ಟಿದ್ದಳು. ಮಂಜಿನಲ್ಲಿ ಬಸ್ಸಿನ ದೀಪ ನೇರ ಎತ್ತರಕ್ಕೆ ಬಿಟ್ಟರೆ ಬರೀ ಬಿಳಿ ಗೋಡೆ ಕಾಣುತ್ತದೆಂದು ಅಮರ್ ಹೇಳಿಕೊಟ್ಟಿದ್ದನಂತೆ. ತೋಳನ್ನು ಭುಜದವರೆಗೆ ಮುಳುಗಿಸಿದಳು. ಅವಳ ಕಣ್ಣಿಗೆ ಕ್ಯಾಮೆರಾ ಕಾಣುತ್ತಿರಲಿಲ್ಲ. ಪೆಟ್ಟಿಗೆ ಏನನ್ನೋ ಮುಟ್ಟುವವರೆಗೆ ಒಯ್ದು, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಪೂರ್ತಿ ಒತ್ತುವುದು. ಮತ್ತೆ ತುಸು ಸರಿದು ಅದನ್ನೇ ಮಾಡುವುದು. ತೋಳು ಸೋತರೆ ಮೇಲೆ ತೆಗೆದು ಸಣ್ಣ ಪರದೆಯಲ್ಲಿ ನೋಡುವುದು.

"ಬಿಂದಿಗೆಯಲ್ಲ" ಎಂದಳು ಕೆಳಗಿನಿಂದ. "ಚಿಪ್ಪು. ಗೆರೆಗಳೆಲ್ಲ ಚೆನ್ನಾಗಿ ಬಂದಿವೆ."

ಪುಟ್ಟಲಿಂಗಮ್ಮ ಕೈಮುಗಿದರು. ಆದರೆ ಮಹದೇವಸ್ವಾಮಿ ಹಗ್ಗ ಹಿಡಿದೇ, "ಚಿಪ್ಪು ಸತ್ತ್ ಮೇಲೂ ಇರ್ತದಲ್ವಾ ಮೇಡಂ" ಎಂದ. ಅದೂ ನಿಜವೇ. ಪದ್ಮಾವತಿ ಮತ್ತೆ ತೋಳು ಇಳಿಸಿದಳು. ಜೀವಮಾನವಿಡೀ ರೋಗಿಗಳಿಗೆ ಅಲ್ಲಾಡಬೇಡಿ ಅಂದವಳು ಅಂದು ಬಾವಿಯೊಳಗೆ, "ಅಲ್ಲಾಡಿ, ಸ್ವಲ್ಪ ಅಲ್ಲಾಡಿ, ದಮ್ಮಯ್ಯ" ಎಂದು ಗೋಗರೆಯುತ್ತಿದ್ದಳು. ನಗು ಬರಬೇಕಿತ್ತು, ಬರಲಿಲ್ಲ. ಪುಟ್ಟಲಿಂಗಮ್ಮನ ಬೆರಳುಗಳು ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದವೆಂದರೆ ಬಳೆ ಒತ್ತಿ ನೋಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಅವಳು ಮೇಲೆ ಬಂದಳು. ಮೈಯೆಲ್ಲ ನೆನೆದು, ಜಡೆಗೆ ಚೆಂಡುಹೂವಿನ ಎಸಳು ಅಂಟಿ, ತುಟಿ ನೀಲಿಯಾಗಿತ್ತು. ಕ್ಯಾಮೆರಾವನ್ನು ಮಹದೇವಸ್ವಾಮಿಯ ಮುಂದೆ ಹಿಡಿದಳು. ಪರದೆಯ ತುಂಬ ಒಂದು ಕಣ್ಣು. ಕಂದು ಬಣ್ಣದ ಸುತ್ತು, ನಡುವೆ ಕಪ್ಪು ಗುಂಡು, ಸುತ್ತ ಚರ್ಮದ ಸುಕ್ಕು ಒಂದೊಂದೂ ಬೇರೆಬೇರೆಯಾಗಿ ಎಣಿಸುವ ಹಾಗಿತ್ತು. ಗುಂಡಿ ಒತ್ತಿ ಮುಂದಿನ ಚಿತ್ರ ತೋರಿಸಿದಳು. ಅದೇ ಕಣ್ಣು, ಮುಚ್ಚಿತ್ತು. ಅದರ ಮುಂದಿನದರಲ್ಲಿ ಅರ್ಧ ತೆರೆದಿತ್ತು.

ಮಹದೇವಸ್ವಾಮಿ ಮೂರನ್ನೂ ತಿರುಗಿ ತಿರುಗಿ ನೋಡಿದ. ಕೊನೆಗೆ "ಅಲ್ಲಾ, ನನ್ನನ್ನೇ ಗುರಾಯಿಸ್ತದಲ್ಲ ಇದು" ಎಂದು ನಕ್ಕುಬಿಟ್ಟ. ಆಮೇಲೆ ತಾಯಿಯ ಮುಖ ನೋಡಿ, "ಆಯ್ತು ಬುಡವ್ವ, ಜಾಲರಿ ಹಾಕಿಸ್ತೀನಿ" ಎಂದು ಟ್ರ್ಯಾಕ್ಟರಿನವನಿಗೆ ಫೋನು ಮಾಡಲು ಬೀದಿಗೆ ಹೋದ.

ಒಳಗೆ ಕೂರಿಸಿ ಪುಟ್ಟಲಿಂಗಮ್ಮ ನಮಗೆ ಕಾಫಿ ಕೊಟ್ಟರು. ಪದ್ಮಾವತಿಗೆ ಒಣಸೀರೆ ಕೊಟ್ಟು, ತಲೆ ಒರೆಸಿದರು. ಖುಷಿಯಲ್ಲಿ ಅವರ ಕೈ ನಿಲ್ಲುತ್ತಿರಲಿಲ್ಲ. ಪದ್ಮಾವತಿ ಅಷ್ಟರಲ್ಲಿ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಜೋಡಿಸತೊಡಗಿದ್ದಳು. ಹಾಲಿನ ದೆಸೆಯಿಂದ ಇಡೀ ಆಮೆ ಒಂದೇ ಚಿತ್ರದಲ್ಲಿ ಬರುವಂತಿರಲಿಲ್ಲ. ಅದಕ್ಕೆ ಅವಳು ಕ್ಲಿನಿಕ್ಕಿನಲ್ಲಿ ಇಡೀ ಬಾಯಿಯನ್ನು ಹಲ್ಲುಹಲ್ಲಾಗಿ ತೆಗೆದು ಸಾಲಾಗಿ ಜೋಡಿಸುವಂತೆ, ಆಮೆಯನ್ನೂ ಅಂಗುಲ ಅಂಗುಲವಾಗಿ ತೆಗೆದಿದ್ದಳು. ಕಣ್ಣಿನ ಚಿತ್ರ ತೆಗೆಯುವ ಹೊತ್ತಿಗೆ ಆಮೆಗೂ ಬೇಸರ ಬಂದು ಸಂದಿಯಿಂದ ಹೊರಬಂದು ಕಲ್ಲಿನ ಮೇಲೆ ಕೂತಿತಂತೆ. ಇವಳು ಬಿಡುತ್ತಾಳೆಯೇ? ಸುತ್ತಲೂ ಕೈಯಾಡಿಸಿ ಚಿಪ್ಪಿನ ಅಂಚನ್ನೆಲ್ಲ ತೆಗೆದುಬಿಟ್ಟಿದ್ದಳು. ಆ ತುಣುಕುಗಳನ್ನು ಒಂದರ ಪಕ್ಕ ಒಂದಿಟ್ಟಾಗ ಪರದೆಯ ಮೇಲೆ ನಿಧಾನವಾಗಿ ಒಂದು ಆಮೆ ತಯಾರಾಯಿತು.

ಪುಟ್ಟಲಿಂಗಮ್ಮ ನೆಲದಲ್ಲಿ ಕೂತು ನೋಡುತ್ತಿದ್ದರು. "ಈ ಅಂಚು ಇನ್ನೊಂದ್ಸಲ ತೋರ್ಸವ್ವ" ಎಂದರು. ತೋರಿಸಿದಳು. "ಆ ಕಡೇದು?" ಅದನ್ನೂ ತೋರಿಸಿದಳು. "ಬಾಲದ ಹತ್ರದ್ದು?" ಅದೂ ಆಯಿತು. ಅವರ ಮುಖದಲ್ಲಿದ್ದ ನಗು ಹೊರಟುಹೋಗಿತ್ತು.

"ಏನಾಯ್ತಮ್ಮ?" ಎಂದಳು ಪದ್ಮಾವತಿ.

"ತೂತೆಲ್ಲವ್ವ?"

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಅವರ ತವರು ಹುಲ್ಲಹಳ್ಳಿಯ ಕಡೆ, ಕಪಿಲೆಯ ದಡ. ಮದುವೆಯ ಮಾರನೇ ದಿನ ಮಗಳ ಜೊತೆ ಕಳಿಸಲು ಅವರಪ್ಪ ಹೊಳೆಯಿಂದ ಆಮೆ ಹಿಡಿದು ತಂದಿದ್ದರು. ಬಸ್ಸಿನಲ್ಲಿ ತಪ್ಪಿಸಿಕೊಳ್ಳದಿರಲೆಂದು ಚಿಪ್ಪಿನ ಅಂಚಿಗೆ ಕಾದ ದಬ್ಬಳದಿಂದ ತೂತು ಕೊರೆದು ಹುರಿಹಗ್ಗ ಪೋಣಿಸಿದ್ದರು. ಆ ಹಗ್ಗದ ತುದಿಯನ್ನು ಹೊಸ ಮದುವಣಗಿತ್ತಿ ಬೆರಳಿಗೆ ಸುತ್ತಿಕೊಂಡು ಈ ಮನೆಗೆ ಬಂದಿದ್ದರು. ಹಗ್ಗ ಬಿಚ್ಚಿ ಬಾವಿಗೆ ಬಿಟ್ಟವರೂ ಅವರೇ. ಕಿರುಬೆರಳು ತೂರುವಷ್ಟು ತೂತು, ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುತ್ತದೆ ಎಂದರು.

"ಬೆಳೀತಾ ಬೆಳೀತಾ ಮುಚ್ಚಿಹೋಗಿರಬಹುದಲ್ವಾ?" ಎಂದೆ ನಾನು, ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು. ಪದ್ಮಾವತಿ ಒಂದೊಂದೇ ತುಣುಕನ್ನು ದೊಡ್ಡದು ಮಾಡಿ ಸುತ್ತಲೂ ನೋಡಿದಳು. ಮುಚ್ಚಿದ್ದರೆ ಕಲೆಯಾದರೂ ಇರಬೇಕಿತ್ತು. ಹಲ್ಲಿಗೆ ತುಂಬಿದ ಸಿಮೆಂಟು ಎಷ್ಟು ನುಣುಪಾಗಿದ್ದರೂ ಅವಳ ಚಿತ್ರದಲ್ಲಿ ಕಾಣುತ್ತದೆ. ಇಲ್ಲಿ ಪಾಚಿಯ ಎಳೆಗಳು ಕಾಣುತ್ತಿದ್ದವು, ಗೀರುಗಳು ಕಾಣುತ್ತಿದ್ದವು, ತೂತಿನ ಗುರುತು ಎಲ್ಲೂ ಇರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಇದು ಬೇರೆ ಆಮೆ ಅಮ್ಮ" ಎಂದಳು. ಆಮೇಲೆ, ತಡೆಯಲಾರದೆ, "ಹಾಗಾದ್ರೆ ಇದನ್ನ ಬಿಟ್ಟಿದ್ದು ಯಾರು?" ಎಂದು ಕೇಳಿಯೇಬಿಟ್ಟಳು. ನಾನು ಅವಳ ತೊಡೆ ಚಿವುಟಿದೆ.

ಪುಟ್ಟಲಿಂಗಮ್ಮ ಗೋಡೆಗೆ ಒರಗಿದರು. ಬೀದಿಯಲ್ಲಿ ಮಗ ಫೋನಿನಲ್ಲಿ ಟ್ರ್ಯಾಕ್ಟರಿನವನ ಜೊತೆ ವಾದ ಮಾಡುವುದು ಕೇಳುತ್ತಿತ್ತು.

"ನಮ್ಮೆಜಮಾನ್ರಿಗೆ ಆ ಆಮೆ ಕಂಡ್ರೆ ಆಯ್ತಿರ್ಲಿಲ್ಲ" ಎಂದರು. "ನಿಮ್ಮಪ್ಪ ಎಲ್ರಂಗೆ ಕಡಗ ಉಂಗುರ ಕೊಡೋದು ಬುಟ್ಟು ಆಮೆ ಕೊಟ್ಟವ್ನೆ ಅಂತ ನೆಂಟ್ರ ಮುಂದೆಲ್ಲಾ ಆಡ್ಕೊಳೋರು. ನನ್ಗೆ ಅಳುವೇ ಬತ್ತಿತ್ತು. ಬೇಸ್ಗೆ ಬಂದ್ರೆ ಅವ್ರೇ ಇಳ್ದು ಬಾವಿ ಹೂಳು ತೆಗೆಯೋರು. ನಮ್ಮಪ್ಪ ತೀರ್ಕೊಂಡ ವರ್ಷ, ಇನ್ನೂ ತಿಂಗ್ಳೂ ತುಂಬಿರ್ಲಿಲ್ಲ, ನಾನು ಊಟ ನೀರು ಬುಟ್ಟು ಮಲ್ಗಿದ್ದೆ. ಆಗ ಇವ್ರು ಬಾವಿಗಿಳ್ದೋರು ಸುಮ್ನೆ ಮೇಲೆ ಬಂದ್ರು. ಏನೂ ಮಾತಿಲ್ಲ. ಮಾರ್ನೇ ದಿನ ಬೆಳಿಗ್ಗೆನೇ ಸೈಕಲ್ ತಗೊಂಡು ಹೋದ್ರು. ಎಲ್ಲಿಗೆ ಅಂದ್ರೆ ಹೇಳ್ನಿಲ್ಲ. ಸಾಯಂಕಾಲ ಬಂದ್ರು ನೋಡು, ಪಂಚೆಯೆಲ್ಲ ಕೆಸ್ರು, ಕಾಲು ಗೀರ್ಕೊಂಡು ರಕ್ತ. ಸತ್ತ ಮನೆ ಸೂತ್ಕ ಇನ್ನೂ ಹೋಗಿಲ್ಲ, ನಿಮ್ಗೆ ಮೀನು ಹಿಡಿಯೋ ಚಪಲ ಅಂತ ಬಾಯಿಗ್ ಬಂದಂಗೆ ಬಯ್ದೆ."

ಸೆರಗಿನಿಂದ ಮುಖ ಒರೆಸಿಕೊಂಡರು.

"ಬಯ್ಯುಸ್ಕೊಂಡ್ರು. ಕೈಕಾಲು ತೊಳ್ಕೊಂಡು ಬಂದು, ನಿನ್ನ ಆಮೆ ಇವತ್ತು ನೀರ ಮೇಲೆ ಬಂದಿತ್ತು ಕಣೇ, ದಪ್ಪ ಆಗದೆ, ಎದ್ದು ಉಣ್ಣು ಅಂದ್ರು. ನಾನು ಎದ್ದು ಉಂಡೆ. ಅವ್ರು ಸಾಯೋಗಂಟ ಅದನ್ನ ಆಡ್ಕೊಳೋದು ಬುಡ್ನಿಲ್ಲ, ಇದನ್ನ ತಂದು ಬುಟ್ಟಿದ್ನ ಹೇಳ್ಳೂ ಇಲ್ಲ."

ಪದ್ಮಾವತಿ ಅವರ ಪಕ್ಕಕ್ಕೆ ಸರಿದು ಕೂತಳು. ಒಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ಕೊಡುತ್ತೇನಮ್ಮ ಎಂದು ಹೇಳಿ, ತೆರೆದ ಕಣ್ಣಿನ ಚಿತ್ರವನ್ನು ಪರದೆಗೆ ತಂದಳು. ಅವಳು ತೆಗೆದದ್ದರಲ್ಲೆಲ್ಲ ಅದೇ ಬಹಳ ಒಳ್ಳೆಯದು, ಈಗಲೂ ಹಾಗೇ ಹೇಳುತ್ತೇನೆ.

ಪುಟ್ಟಲಿಂಗಮ್ಮ ತಲೆಯಾಡಿಸಿದರು.

"ಕಣ್ಣು ಬ್ಯಾಡ ಕಣವ್ವ. ಆ ಅಂಚಿಂದು ಕೊಡು, ತೂತಿಲ್ದೇ ಇರೋದು."